ವಿಷ್ಣುವರ್ಧನನ ರಾಣಿಯರು

ದೊಡ್ಡಬಳ್ಳಾಪುರದಿಂದ ಡಾಬಸ್‌ಪೇಟೆಯ ದಾರಿ ಹಿಡಿದು ಹೋದವರಿಗೆ ಶಿವಗಂಗೆಯ ಬೆಟ್ಟವನ್ನು ಹೊಸದಾಗಿ ಬಣ್ಣಿಸಬೇಕಾಗಿಲ್ಲ. ಒಳಕಲ್ಲು ತೀರ್ಥದಲ್ಲಿ ಕೈಯಿಳಿಬಿಟ್ಟು ನೀರು ಸಿಕ್ಕುವುದೋ ಇಲ್ಲವೋ ಎಂದು ಭಾಗ್ಯಪರೀಕ್ಷೆ ಮಾಡಿಕೊಂಡವರು ನಿಮ್ಮಲ್ಲಿಯೂ ಅನೇಕರಿರಬಹುದು. ಇನ್ನೂ ಮೇಲಕ್ಕೆ ಏರಿದರೆ ಕಡಿದಾದ ಬಂಡೆಯೊಂದನ್ನು ತೋರಿಸಿ, 'ಶಾಂತಲೆ ಹಾರಿಕೊಂಡದ್ದು ಇಲ್ಲಿಂದಲೇ' ಎನ್ನುತ್ತಾರೆ. ತನಗೆ ಗಂಡುಸಂತಾನವಿಲ್ಲವೆಂದು ಕೊರಗಿ, ಸವತಿಗೆ ದಾರಿಬಿಟ್ಟು ರಾಣಿ ಪ್ರಾಣ ನೀಗಿದಳೆಂಬುದು ಜನರ ಬಾಯಲ್ಲಿರುವ ಕಥೆ. ಕಾದಂಬರಿಗಳಿಂದಲೂ ಶಾಂತಲೆ ನಮಗೆ ಮನೆಯವಳಷ್ಟು ಹತ್ತಿರವಾಗಿದ್ದಾಳೆ. ಕೆ. ವಿ. ಅಯ್ಯರ್ ಅವರ 'ಶಾಂತಲಾ'ವನ್ನು ಓದಿ ಕಣ್ಣೊರೆಸಿಕೊಂಡವರ ಸಂಖ್ಯೆ ಸಣ್ಣದಲ್ಲ.

ಆದರೆ ಕಲ್ಲು ಏನು ಹೇಳುತ್ತದೆ? ಆ ಕಲ್ಲಿರುವುದು ಶಿವಗಂಗೆಯಲ್ಲಲ್ಲ, ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ. ಅಲ್ಲಿ ಶಾಂತಲೆ 1123ರಲ್ಲಿ ಶಾಂತಿನಾಥನಿಗೆ ಒಂದು ಬಸದಿಯನ್ನು ಕಟ್ಟಿಸಿದಳು. ಅದರ ಹೆಸರು ಸವತಿಗಂಧವಾರಣ ಬಸದಿ. ಗಂಧವಾರಣವೆಂದರೆ ಮದ್ದಾನೆ. ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆಯಂಥವಳು ಎಂಬುದು ರಾಣಿಯ ಬಿರುದು! ಬಿರುದುಗಳು ಹೊಗಳುವವರ ಕೈಗೆಲಸ, ಒಂದಿಷ್ಟು ಕಳೆದೇ ಓದಬೇಕು, ನಿಜ. ಆದರೂ ಅಂಥ ಬಿರುದನ್ನು ತನ್ನ ದೇವಾಲಯಕ್ಕೇ ಇಡಿಸಿದವಳು ಸವತಿಗಾಗಿ ಬಂಡೆಯಿಂದ ಹಾರಿದಳೆಂದರೆ ನಂಬುವುದು ನನಗೆ ಕಷ್ಟ.

ಅದೇ ಬಸದಿಯ ಬಳಿಯ ಶಾಸನ, ಆಕೆ 1131ರ ಚೈತ್ರದಲ್ಲಿ ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳೆಂದು ಹೇಳುತ್ತದೆ. ಬಂಡೆಯ ಮಾತಿಲ್ಲ, ಸವತಿಯ ಮಾತಿಲ್ಲ. ತಂದೆ ಮಾರಸಿಂಗಯ್ಯ ಶಿವಭಕ್ತ; ತಾಯಿ ಮಾಚಿಕಬ್ಬೆ ಜಿನಭಕ್ತೆ. ಜಿನಭಕ್ತೆಯಾದ ಮಗಳು ಶಿವನ ಬೆಟ್ಟದಲ್ಲಿ ಕೊನೆಗಂಡದ್ದು ಆ ಮನೆತನಕ್ಕೆ ವಿಚಿತ್ರವಾಗಿ ಕಂಡಿರಲಾರದು. ಮಗಳ ಮರಣದ ವಿಷಯದಲ್ಲಿ ಮಿತವಾಗಿ ಮಾತಾಡಿದ ಶಾಸನ ತಾಯಿಯ ವಿಷಯಕ್ಕೆ ಬಂದಾಗ ಬಿಚ್ಚಿ ಹೇಳುತ್ತದೆ. ಮಗಳು ಹೋದಮೇಲೆ ತಾನಿರಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಅನ್ನ ಬಿಟ್ಟು, ಒಂದು ತಿಂಗಳ ಉಪವಾಸದಿಂದ ಸಮಾಧಿ ಹೊಂದಿದಳು. ಶಾಂತಲೆಯ ಕಥೆ ಹೇಳುವವರು ಈ ಮುದುಕಿಯನ್ನೇಕೆ ಮರೆತರೋ!

ಇನ್ನುಳಿದ ರಾಣಿಯರು? ಬಮ್ಮಲದೇವಿ ಪಲ್ಲವ ಕುಲದವಳೆಂದು ಶಾಸನಗಳಲ್ಲಿ ಬರುತ್ತಾಳೆ. ರಾಜಲದೇವಿಯ ಪಾಲಿಗೆ ಉಳಿದದ್ದು ಹೆಚ್ಚಾಗಿ ಹೆಸರೇ. ಭಾಗ್ಯ ತೆರೆದದ್ದು ಲಕ್ಷ್ಮೀದೇವಿಗೆ. ಶಾಂತಲೆ ತೀರಿಕೊಂಡು ಎರಡು ವರ್ಷಕ್ಕೆ, 1133ರಲ್ಲಿ, ಬಂಕಾಪುರದಲ್ಲಿದ್ದ ದೊರೆಗೆ ಹಳೇಬೀಡಿನ ಹೊಸ ಬಸದಿಯಿಂದ ಪಾರ್ಶ್ವನಾಥನ ಪ್ರಸಾದ ಬಂದಿತು. ಯುದ್ಧದ ಗೆಲವೂ ಮಗನ ಜನನವೂ ಆಗಲೇ ಕೂಡಿಬಂದಿದ್ದವು. ದೊರೆ ಹಿಗ್ಗಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಆ ಮಗುವಿನ ತಾಯಿ ಲಕ್ಷ್ಮೀದೇವಿ.

ಆ ಮಗನೇ ಮುಂದೆ ಒಂದನೆಯ ನರಸಿಂಹ. ಅವನ ಅಂತಃಪುರದಲ್ಲಿ 384 ಮಂದಿ ಕುಲಸ್ತ್ರೀಯರಿದ್ದರೆಂದು ರೈಸ್ ಅವರು ಬರೆದಿದ್ದಾರೆ. ತಂದೆಯ ನಾಲ್ಕಾರು ರಾಣಿಯರ ಬಾಳೇ ಇಷ್ಟು ಮಸುಕಾಗಿರುವಾಗ, ಆ 384 ಮಂದಿಯ ಬಾಳನ್ನು ಯಾವ ಕಲ್ಲು ಬರೆದಿಟ್ಟೀತು? ಶಾಂತಲೆಗಾದರೋ ಬೇಲೂರಿನಲ್ಲಿ ಆಕೆಯೇ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿಯಿದೆ, ಚಿಕ್ಕಬೆಟ್ಟದ ಬಸದಿಯಿದೆ. ಮುಂದಿನ ಸಂಕ್ರಾಂತಿಗೆ ಶಿವಗಂಗೆ ಹತ್ತಿದಾಗ ಯಾರಾದರೂ ಆ ಬಂಡೆಯನ್ನು ತೋರಿಸಿದರೆ, ಬೆಳಗೊಳದ ಬಸದಿಯ ಹೆಸರನ್ನೂ ಅವರಿಗೆ ಹೇಳಿ.