ಮೇಳದ ಮೇಜಿನ ಮುಂದೆ ಕೂರುವ ಮೊದಲು

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಪದವಿ ಮುಗಿಸಿದ ನಮ್ಮ ಮಕ್ಕಳು ಸ್ನಾತಕೋತ್ತರ ವ್ಯಾಸಂಗಕ್ಕೆಂದು ಪರದೇಶದ ವಿಶ್ವವಿದ್ಯಾಲಯಗಳ ಮೇಳಕ್ಕೆ ಹೋಗುತ್ತಿದ್ದಾರೆ. ದೊಡ್ಡ ಹೋಟೆಲಿನ ಸಭಾಗೃಹ, ಸಾಲು ಮೇಜು, ಒಂದೊಂದು ಮೇಜಿನ ಹಿಂದೆ ಒಬ್ಬ ಪ್ರತಿನಿಧಿ. ಪ್ರವೇಶ ಪುಕ್ಕಟೆ. ಪುಕ್ಕಟೆಯೆಂದೇ ನಾವು ಸಿದ್ಧತೆಯಿಲ್ಲದೆ ಹೋಗಿಬಿಡುತ್ತೇವೆ.

ಕಳೆದ ಸಲ ನಾವೂ ಹಾಗೆಯೇ ಹೋದೆವು. ನಮ್ಮ ಓದುಗರೊಬ್ಬರ ಮಗಳು, ಮೂರು ವರ್ಷದ ಬಿ.ಎಸ್ಸಿ., ರಸಾಯನಶಾಸ್ತ್ರ. ಅವಳು, ಅವಳ ತಂದೆ, ಜೊತೆಗೆ ನಾವಿಬ್ಬರು ಕಾರ್ಯಕರ್ತರು. ಅರ್ಧ ಗಂಟೆ ಸರದಿಯಲ್ಲಿ ನಿಂತೆವು; ಸಿಕ್ಕಿದ್ದು ನಾಲ್ಕು ನಿಮಿಷ. ಆ ನಾಲ್ಕು ನಿಮಿಷವೂ ತಂದೆಯೇ ಮಾತಾಡಿದರು. "ಸೀಟು ಸಿಗುತ್ತದೆಯೇ? ಎಷ್ಟಾಗುತ್ತದೆ?" ಪ್ರತಿನಿಧಿ ನಕ್ಕು ಒಂದು ಪುಸ್ತಿಕೆ ಕೊಟ್ಟರು. ಬಾಗಿಲಲ್ಲಿ ಫೋನ್ ನಂಬರು ಬರೆದುಕೊಟ್ಟಿದ್ದೆವಲ್ಲ, ಮರುದಿನದಿಂದ ಏಜೆಂಟರ ಕರೆಗಳು ಶುರುವಾದವು. ಒಬ್ಬನಂತೂ, "ಸೀಟು ಖಾತ್ರಿ, ಊರಿನ ಮನೆಯ ಪತ್ರ ಬ್ಯಾಂಕಿಗೆ ಕೊಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎಂದ. ತಂದೆ ಒಪ್ಪುವವರೇ ಇದ್ದರು. ಆ ಮನೆಯಲ್ಲಿ ಅವರ ವೃದ್ಧ ತಾಯಿ ವಾಸವಾಗಿದ್ದಾರೆ.

ಇನ್ನೊಂದು ಮೇಳಕ್ಕೆ ಎರಡು ತಿಂಗಳಿತ್ತು. ಅಲ್ಲಿಯತನಕ ತಡೆಯಿರೆಂದು ಕೈಮುಗಿದು ಕೇಳಿಕೊಂಡೆವು.

ಮೇಜಿನ ಹಿಂದೆ ಕೂತವರು ಯಾರೆಂಬುದು ಮೊದಲು ತಿಳಿಯಬೇಕು. ವಿಶ್ವವಿದ್ಯಾಲಯದ ನೌಕರರೋ, ಅಲ್ಲಿ ಓದಿ ಬಂದವರೋ, ಏಜೆಂಟರೋ? ಬ್ರಿಟನ್, ಆಸ್ಟ್ರೇಲಿಯ, ಕೆನಡಗಳ ಬಹಳಷ್ಟು ವಿದ್ಯಾಲಯಗಳು ವಿದ್ಯಾರ್ಥಿಗಳನ್ನು ಸೇರಿಸಿಕೊಟ್ಟ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಅದೇನೂ ಗುಟ್ಟಲ್ಲ. ಆದರೆ ಕಮಿಷನ್ ಪಡೆಯುವವರ ಬಾಯಲ್ಲಿ "ಬೇಡ" ಎಂಬ ಮಾತು ಅಪರೂಪ. ನಯವಾಗಿ ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ.

ಪುಸ್ತಿಕೆಯಲ್ಲಿ ಇರುವುದನ್ನೇ ಕೇಳಿ ಸಮಯ ಕಳೆಯಬಾರದು. ನಮ್ಮವರಲ್ಲಿ ಅನೇಕರದು ಮೂರು ವರ್ಷದ ಪದವಿ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಅದನ್ನು ಒಪ್ಪುತ್ತವೆ, ಕೆಲವು ನಾಲ್ಕು ವರ್ಷದ್ದೇ ಬೇಕೆನ್ನುತ್ತವೆ. ಇದೇ ಮೊದಲ ಪ್ರಶ್ನೆಯಾಗಲಿ. ಆಮೇಲೆ ಹಣ. ಅಲ್ಲಿ ವಿಜ್ಞಾನದ ಪಿಎಚ್.ಡಿ.ಗೆ ಸಾಮಾನ್ಯವಾಗಿ ಶುಲ್ಕ ಮಾಫಿಯಾಗಿ, ಪಾಠ ಹೇಳುವುದಕ್ಕೋ ಪ್ರಯೋಗಾಲಯದ ಕೆಲಸಕ್ಕೋ ವೇತನವೂ ಬರುತ್ತದೆ, ಎಂ.ಎಸ್.ಗೆ ಬಹುಪಾಲು ಜನ ಕೈಯಿಂದಲೇ ತೆರುತ್ತಾರೆ. "ವಿದ್ಯಾರ್ಥಿವೇತನ ಇದೆಯೇ?" ಎಂದರೆ "ಇದೆ" ಎಂದೇ ಉತ್ತರ. "ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಮಂದಿಗೆ ಸಿಕ್ಕಿತು? ಮೊದಲ ವರ್ಷವೇ ಸಿಕ್ಕಿತೇ?" ಎಂದು ಕೇಳಬೇಕು. ಜರ್ಮನಿಯ ಸರಕಾರಿ ವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವಿಲ್ಲ, ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ಪ್ರಾಂತದಲ್ಲಿ 2017ರಲ್ಲಿ ನಮ್ಮಂಥ ಹೊರಗಿನವರಿಗೆ ಅರ್ಧ ವರ್ಷಕ್ಕೆ 1,500 ಯೂರೋ ಶುಲ್ಕ ಗೊತ್ತುಮಾಡಿದರು. ಮೇಲಾಗಿ ವೀಸಾಕ್ಕೆ ಒಂದು ವರ್ಷದ ಊಟ-ವಸತಿಯ ಹಣ ತೋರಿಸಬೇಕು.

ಸಾಲದ ಲೆಕ್ಕ ಚಿಕ್ಕದು. 7.5 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತವೆ. ಓದುವ ಕಾಲದಲ್ಲೂ ಬಡ್ಡಿ ಬೆಳೆಯುತ್ತದೆ.

ಇನ್ನು ಇಂಗ್ಲಿಷಿನ ಭಯ. ಹುಡುಗಿಗೆ ವಿಷಯ ಗೊತ್ತು, ಬಾಯಿ ಬಾರದು. ವಾಚನಾಲಯದ ಪತ್ರಿಕೆಯ ಮೇಜನ್ನೇ ಮೇಳದ ಮೇಜು ಮಾಡಿ, ನಮ್ಮ ಖಜಾಂಚಿಯವರನ್ನು ಪ್ರತಿನಿಧಿಯಾಗಿ ಕೂರಿಸಿದೆವು. (ಅವರು ಕೋಟು ಹಾಕಿಕೊಂಡೇ ಬಂದರು, ಬಾಕಿ ಚಂದಾ ಕೇಳುವ ಗಂಟಲಿನಲ್ಲೇ ಪ್ರಶ್ನೆ ಹಾಕಿದರು.) ತಾನು ಓದಿದ್ದೇನು, ಮುಂದೆ ಓದಬೇಕಾದದ್ದೇನು, ಏಕೆ, ಇಷ್ಟನ್ನು ಮೂರು ವಾಕ್ಯದಲ್ಲಿ ಏಳೆಂಟು ಸಂಜೆ ಹೇಳಿಸಿದೆವು. ಬಣ್ಣದ ಕಾರ್ಖಾನೆಗಳ ಹೊಲಸು ನೀರನ್ನು ಶುದ್ಧಿಮಾಡುವ ವಿದ್ಯೆ ಬೇಕೆಂದು ಅವಳು ಹೇಳಿದ್ದು ನಮಗೂ ಆಗಲೇ ತಿಳಿದದ್ದು. ಉರು ಹೊಡೆದಂತೆ ಕೇಳಿಸತೊಡಗಿದಾಗ ನಿಲ್ಲಿಸಿದೆವು.

ಈ ಸಲ ತಂದೆ ಹಿಂದಿನ ಕುರ್ಚಿಯಲ್ಲಿ ಕೂತರು. ಹುಡುಗಿ ಒಬ್ಬಳೇ ಐದು ಮೇಜಿಗೆ ಹೋದಳು. ಏಜೆಂಟು ಖಾತ್ರಿಯೆಂದಿದ್ದ ವಿದ್ಯಾಲಯದವರೇ, "ಮೂರು ವರ್ಷದ ಪದವಿ ನಮ್ಮಲ್ಲಿ ನಡೆಯುವುದಿಲ್ಲ" ಎಂದರು. ಇನ್ನೊಂದು ಮೇಜಿನಲ್ಲಿ ಒಬ್ಬ ಪ್ರಾಧ್ಯಾಪಕರ ಹೆಸರು ಬರೆದುಕೊಟ್ಟರು. ಅಂದು ರಾತ್ರಿಯೇ ಅವಳು ಅವರಿಗೆ ಇ-ಮೇಲ್ ಬರೆದಳು. ಹತ್ತು ದಿನಕ್ಕೆ ಉತ್ತರ ಬಂತು: ಅಲ್ಲಿಯೇ ಎಂ.ಎಸ್ಸಿ. ಮುಗಿಸಿ, ಪಿಎಚ್.ಡಿ.ಗೆ ಅರ್ಜಿ ಹಾಕು.

ಈಗ ಅವಳು ಇಲ್ಲೇ ಎಂ.ಎಸ್ಸಿ. ಓದುತ್ತಿದ್ದಾಳೆ. ಮನೆಯ ಪತ್ರ ಅಜ್ಜಿಯ ಪೆಟ್ಟಿಗೆಯಲ್ಲಿದೆ. ಮುಂದಿನ ಮೇಳಕ್ಕೆ ಹೋಗುವವರು ಶನಿವಾರ ಸಂಜೆ ಏಳಕ್ಕೆ ಅಂಕಪಟ್ಟಿ ಹಿಡಿದು ಬನ್ನಿ. ಖಜಾಂಚಿಯವರ ಕೋಟು ಸಿದ್ಧವಿದೆ.