ಚರ್ಮದಿಂದ ಆರಂಭವಾಗಬೇಕಾದ ಪಾಠ: ಅಲ್ ವಕ್ರಾದ ಅಧ್ಯಕ್ಷ ಭಾಷಣ

ಒಂದು ಕಾಲಕ್ಕೆ ಮುತ್ತು ತೆಗೆಯುವವರ, ಮೀನುಗಾರರ ಊರಾಗಿದ್ದ ಕತಾರ್‌ನ ಅಲ್ ವಕ್ರಾದಲ್ಲಿ ತುರ್ತು ವೈದ್ಯಕೀಯ ತಂತ್ರಜ್ಞರಾಗಲು, ಅಂದರೆ ಆಂಬುಲೆನ್ಸ್‌ನಲ್ಲಿ ರೋಗಿಯ ಬಳಿಗೆ ಮೊದಲು ತಲುಪುವ ಸಿಬ್ಬಂದಿಯಾಗಲು ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳ ಮುಂದೆ ಈ ಅಧ್ಯಕ್ಷ ಪೀಠ ಇಡುವ ವಿಚಾರ ಒಂದೇ: ಇಲ್ಲಿ ಶರೀರರಚನೆಯ ಪಾಠ ಚರ್ಮದಿಂದ ಆರಂಭವಾಗಬೇಕು. 206 ಮೂಳೆಗಳ ಹೆಸರನ್ನು ಆಮೇಲೂ ಕಲಿಯಬಹುದು.

ದೇಹದ ಒಳತಾಪವನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಡುವ ಕೇಂದ್ರ ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್. ತಾಪ ಏರಿದೊಡನೆ ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆವರು ಗ್ರಂಥಿಗಳಿಗೆ ಚಾಲನೆ ಕೊಡುತ್ತದೆ. ಬೆವರು ಹರಿದರೆ ಸಾಲದು, ಆರಬೇಕು. ಆರುವಾಗಲೇ ಅದು ಮೈಯ ಶಾಖವನ್ನು ಒಯ್ಯುತ್ತದೆ. ಆಗಸ್ಟ್‌ನಲ್ಲಿ ಕೊಲ್ಲಿಯ ತೇವ ಗಾಳಿಯಲ್ಲಿ ತುಂಬಿಕೊಂಡಾಗ ಅಂಗಿ ಹಿಂಡುವಷ್ಟು ಒದ್ದೆಯಾದರೂ ಮೈ ತಣಿಯುವುದಿಲ್ಲ ಎಂಬುದನ್ನು, ಮೇ ತಿಂಗಳ ಮಂಗಳೂರನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಆಗ ರಕ್ತ ಚರ್ಮದತ್ತ ನುಗ್ಗುತ್ತದೆ, ಕರುಳಿಗೂ ಮೂತ್ರಪಿಂಡಗಳಿಗೂ ಪಾಲು ಕಡಿಮೆಯಾಗುತ್ತದೆ, ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣವೇ ತಗ್ಗುತ್ತದೆ. ಈ ಕೊರತೆಯನ್ನೆಲ್ಲ ಮುಷ್ಟಿಗಾತ್ರದ ಹೃದಯ ವೇಗವಾಗಿ ಬಡಿದು ತುಂಬಿಸಬೇಕಾಗುತ್ತದೆ.

ಕತಾರ್ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸವನ್ನು ನಿಷೇಧಿಸಿದ್ದಲ್ಲದೆ, ಬಿಸಿಲು, ತೇವ, ಗಾಳಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುವ ‘ವೆಟ್ ಬಲ್ಬ್ ಗ್ಲೋಬ್’ ತಾಪಮಾನ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಿಸಬೇಕೆನ್ನುತ್ತದೆ. ಇದು ಅಗತ್ಯವಾಗಿದ್ದ ನಿಯಮ. ಕತಾರ್‌ನಲ್ಲಿ ಹೃದಯ ಸಂಬಂಧಿ ಕಾರಣಗಳಿಂದ ತೀರಿಕೊಂಡರೆಂದು ದಾಖಲಾದ ನೇಪಾಳಿ ಕಾರ್ಮಿಕರ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, 2009ರಿಂದ 2017ರವರೆಗಿನ ಅಂಥ 571 ಸಾವುಗಳಲ್ಲಿ ಸುಮಾರು 200ನ್ನು ಸೆಕೆಯಿಂದ ರಕ್ಷಣೆ ಸಿಕ್ಕಿದ್ದರೆ ತಪ್ಪಿಸಬಹುದಿತ್ತೆಂದು ಅಂದಾಜಿಸಿತು. ಊರಿಗೆ ಹಣ ಕಳಿಸುತ್ತಿದ್ದ ಜೀವಗಳವು.

ಒಳತಾಪ 40 ಡಿಗ್ರಿ ದಾಟಿ, ಜತೆಗೆ ಪ್ರಜ್ಞೆಯೂ ಏರುಪೇರಾದರೆ ಅದು ಉಷ್ಣಾಘಾತ. ಚರ್ಮ ಒಣಗಿರಬೇಕೆಂಬ ಹಳೆಯ ಪಾಠವನ್ನು ನೆಚ್ಚಿ ಕೂರಬಾರದು. ದುಡಿಯುತ್ತಲೇ ಕುಸಿದವನ ಮೈ ಬೆವರಿನಿಂದ ತೊಯ್ದಿರುವುದೇ ಹೆಚ್ಚು. ಮೊದಲು ತಣಿಸಬೇಕು, ಸಾಗಿಸುವುದು ಅನಂತರ: ತೊಟ್ಟಿ ಇದ್ದರೆ ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಮುಳುಗಿಸಿ ತಲೆಗೆ ಆಧಾರ ಕೊಡಬೇಕು, ಇಲ್ಲದಿದ್ದರೆ ಮೈಗೆಲ್ಲ ನೀರೆರೆದು ಗಾಳಿ ಹಾಕುತ್ತ ಕಂಕುಳು, ತೊಡೆಸಂದುಗಳಲ್ಲಿ ಮಂಜುಗಡ್ಡೆ ಇಡಬೇಕು. ಬಿದ್ದವನ ಬಾಯಿಗೆ ನೀರು ಹಾಕುವುದು ನಮ್ಮ ಜನರ ಅಂತಃಕರಣದ ಅಭ್ಯಾಸ. ಆದರೆ ನುಂಗುವಾಗ ಶ್ವಾಸನಾಳದ ಬಾಯಿಯನ್ನು ಮುಚ್ಚುವ ಎಪಿಗ್ಲಾಟಿಸ್ ಎಂಬ ಮೃದ್ವಸ್ಥಿಯ ಮುಚ್ಚಳ ಪ್ರಜ್ಞೆ ತಪ್ಪಿದವನಲ್ಲಿ ಸರಿಯಾಗಿ ಕೆಲಸ ಮಾಡದು, ಆ ಒಂದು ಲೋಟ ನೀರು ಶ್ವಾಸಕೋಶಕ್ಕೇ ಇಳಿಯಬಹುದು.

ಸೆಕೆಯ ಜತೆಗೆ ಹೃದಯದ ನೋವನ್ನೂ ಗುರುತಿಸಬೇಕು. ಎದೆನೋವಿನಲ್ಲಿ ತೊಡಕು ತರುವುದು, ಅದನ್ನು ಹೊಟ್ಟೆಯ ತೊಂದರೆಯೆಂದು ತಳ್ಳಿಹಾಕುವ ‘ಗ್ಯಾಸ್ಟ್ರಿಕ್’ ಎಂಬ ಮಾತು. ಹೃದಯಕ್ಕೂ ಜಠರಕ್ಕೂ ನಡುವೆ ಇರುವುದು ವಪೆ ಎಂಬ ತೆಳು ಸ್ನಾಯುಪರದೆ ಮಾತ್ರ. ಎರಡರ ನೋವನ್ನೂ ಒಯ್ಯುವ ನರಗಳು ಬೆನ್ನುಹುರಿಯಲ್ಲಿ ಅಕ್ಕಪಕ್ಕದಲ್ಲೇ ಸೇರುವುದರಿಂದ ರೋಗಿಗೆ ವ್ಯತ್ಯಾಸ ತಿಳಿಯದಿರುವುದು ಸಹಜ. 2021ರ ಅಕ್ಟೋಬರ್ 29ರಂದು 46ರ ವಯಸ್ಸಿನ ನಟ ಪುನೀತ್ ರಾಜ್‌ಕುಮಾರ್ ಅಗಲಿದ ಮೇಲೆ ಕರ್ನಾಟಕದಲ್ಲಿ ಹೃದಯಾಘಾತದ ಬಗ್ಗೆ ಎಚ್ಚರ ಹೆಚ್ಚಿತು, ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯೂ ಬಂತು. ಆಂಬುಲೆನ್ಸ್ ಕರೆಯಲು ಊರಿನಲ್ಲಿ 2008ರಿಂದ 108 ಎಂದು ರೂಢಿಯಾದ ಬೆರಳು ಇಲ್ಲಿ 999 ಒತ್ತಬೇಕೆಂಬುದನ್ನು ಕಾರ್ಮಿಕರ ಪ್ರತಿ ಕೋಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿಡಬೇಕು. ಉಸಿರೂ ನಾಡಿಯೂ ನಿಂತರೆ ಎದೆಮೂಳೆಯ ಕೆಳ ಅರ್ಧದ ಮೇಲೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಲೇಬೇಕು.

ಕನ್ನಡ ಬಲ್ಲ ತಂತ್ರಜ್ಞನಿಗೆ ಇಲ್ಲಿ ಇನ್ನೊಂದು ಹೊಣೆಯಿದೆ. ‘ಬೆಳಗ್ಗೆಯಿಂದ ಒಂಥರಾ ಮಾತಾಡ್ತಿದ್ದ’ ಎಂದು ಕೋಣೆಯ ಜತೆಗಾರ ಅನ್ನುವ ಮಾತು ಆಸ್ಪತ್ರೆಯ ಬಾಗಿಲಲ್ಲಿ ಕಳೆದುಹೋಗದೆ, ಪ್ರಜ್ಞೆ ಮಸುಕಾದದ್ದು ಎಷ್ಟು ಗಂಟೆಗೆ, ತಣಿಸುವ ಮೊದಲು ತಾಪ ಎಷ್ಟಿತ್ತು, ತಣಿಸಿದ್ದು ಎಷ್ಟು ನಿಮಿಷ ಎಂಬ ವಿವರಗಳೊಡನೆ ವರದಿಯ ಮೊದಲ ಸಾಲಿನಲ್ಲಿ ಸೇರಬೇಕು.