ಹುಡುಗಿಯನ್ನು ಕೇಳಿದಿರಾ?

(ಮಂಗಳವಾರ್ತೆಯ ಮಹೋತ್ಸವ, ಮಾರ್ಚ್ 25ರ ಪ್ರಬೋಧನೆ)



ಇಂದಿನ ಶುಭಸಂದೇಶದಲ್ಲಿ ಸಂತ ಲೂಕರು ಮರಿಯಮ್ಮನವರ ಹೆಸರು ಹೇಳುವ ಮೊದಲೇ ಅವರ ನಿಶ್ಚಿತಾರ್ಥದ ಸಂಗತಿ ಹೇಳುತ್ತಾರೆ. ಯೆಹೂದ್ಯರಲ್ಲಿ ನಿಶ್ಚಿತಾರ್ಥವೆಂದರೆ ಬರಿಯ ಮಾತುಕತೆಯಲ್ಲ. ಅಂದಿನಿಂದಲೇ ಅವರು ಕಟ್ಟಳೆಯ ಪ್ರಕಾರ ಗಂಡ ಹೆಂಡತಿ. ಹುಡುಗಿ ಮಾತ್ರ ಸುಮಾರು ಒಂದು ವರ್ಷ ತವರಿನಲ್ಲೇ ಇರುತ್ತಿದ್ದಳು. ಅದನ್ನು ಮುರಿಯಬೇಕಾದರೆ ವಿಚ್ಛೇದನ ಪತ್ರವೇ ಬೇಕಾಗಿತ್ತು. ಜೋಸೆಫರು ಪಟ್ಟ ಸಂಕಟ ಎಂಥದೆಂದು ಇದರಿಂದ ತಿಳಿಯುತ್ತದೆ.

ಈ ವಾಚನ ಓದುವಾಗಲೆಲ್ಲ ನನಗೆ ಹಳಿಯಾಳ ತಾಲ್ಲೂಕಿನ ಒಂದು ಸಿದ್ದಿ ಮನೆಯ ಅಂಗಳ ಕಣ್ಣೆದುರು ಬರುತ್ತದೆ. ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿಗೆ ಓದಲು ಬಂದಿದ್ದ ತಾಂಜಾನಿಯಾ ದೇಶದ ಗುರುಗಳೊಬ್ಬರು ಕ್ರಿಸ್ಮಸ್ ರಜೆಯಲ್ಲಿ ಸೇವೆಗೆಂದು ನಮ್ಮ ಕಡೆ ಬಂದಿದ್ದರು. ಜೋಯಿಡಾದ ಕಾಡಿನ ಹಳ್ಳಿಗಳು, ದಾಂಡೇಲಿಯ ಕಾಗದ ಕಾರ್ಖಾನೆಯ ಕಾರ್ಮಿಕರ ಮನೆಗಳು, ಮುಂಡಗೋಡ, ಎಲ್ಲವನ್ನೂ ಸುತ್ತಿ ಕೊನೆಗೆ ಹಳಿಯಾಳಕ್ಕೆ ಬಂದಾಗ ಒಂದು ಕಥೋಲಿಕ ಸಿದ್ದಿ ಕುಟುಂಬ ಮಗಳ ನಿಶ್ಚಿತಾರ್ಥಕ್ಕೆ ನಮ್ಮಿಬ್ಬರನ್ನೂ ಕರೆಯಿತು.

ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡು ಸೇರಿದರು. ಅವರ ಸಂತತಿ ನಮ್ಮ ಸಿದ್ದಿ ಬಾಂಧವರು. ಸರಕಾರ 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಅವರಲ್ಲಿ ಕ್ರೈಸ್ತರಿದ್ದಾರೆ, ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ. ಅಂದು ಆ ಅಂಗಳದಲ್ಲೂ ಮೂರೂ ಕಡೆಯ ನೆಂಟರು ಒಂದೇ ಚಾಪೆಯ ಮೇಲೆ ಕೂತಿದ್ದರು. ನಾನು ಉತ್ಸಾಹದಿಂದ, "ಫಾದರ್, ಇವರು ನಿಮ್ಮ ಜನ" ಎಂದೆ. ಅವರು ನಕ್ಕು, "ಇವರ ಒಂದು ಮಾತೂ ನನಗೆ ತಿಳಿಯದು. ನೀವು ಇವರೊಡನೆ ಕೊಂಕಣಿ ಮಾತಾಡುತ್ತೀರಿ. ಇವರು ನಿಮ್ಮ ಜನ" ಎಂದರು. ನಾನು ಸುಮ್ಮನಾದೆ. ಕ್ಯಾಮೆರಾ ಹಿಡಿದು ಬರುವವರ ತಪ್ಪನ್ನೇ ನಾನೂ ಮಾಡಿದ್ದೆ.

ಚಹಾ ಆಯಿತು, ತೆಂಗಿನಕಾಯಿ, ಸಕ್ಕರೆ, ಹೂವು ಬಂದವು. ಹಿರಿಯರು ಮಾತಿಗೆ ಕುಳಿತರು. ಗಂಡಿನ ಸೋದರಮಾವ ಮೆಲ್ಲಗೆ ಒಂದು ಮೋಟಾರ್ ಬೈಕಿನ ವಿಷಯ ಎತ್ತಿದ. ನಾನು ಅನುವಾದಿಸಿದೆ. ಅತಿಥಿ ಗುರುಗಳಿಗೆ ಅರ್ಥವೇ ಆಗಲಿಲ್ಲ. ಅವರ ಸುಕುಮಾ ಜನರಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ದನಗಳನ್ನು ಕೊಡುವ ರೂಢಿ. ಅದಕ್ಕೆ ಸ್ವಾಹಿಲಿಯಲ್ಲಿ 'ಮಹರಿ' ಎನ್ನುತ್ತಾರೆ. "ಹುಡುಗಿಯನ್ನೂ ಕೊಟ್ಟು ಬೈಕನ್ನೂ ಕೊಡುವುದೇ?" ಎಂದು ಕೇಳಿದರು. ನಮ್ಮಲ್ಲೂ ಹಿಂದೆ ಅನೇಕ ಜಾತಿಗಳಲ್ಲಿ ಹೆಣ್ಣಿಗೆ ತೆರ ಕೊಡುತ್ತಿದ್ದರು. ಅದೂ ದೋಷವಿಲ್ಲದ ಪದ್ಧತಿಯೇನಲ್ಲ. ಆದರೆ 1961ರಲ್ಲೇ ನಿಷೇಧವಾದ ವರದಕ್ಷಿಣೆಯನ್ನು ಆ ಪರದೇಶಿಗೆ ವಿವರಿಸಲು ನನಗೆ ನಾಲಗೆ ಏಳಲಿಲ್ಲ.

ಅವರ ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು. "ಹುಡುಗಿಯ ದನಿಯನ್ನೇ ನಾನಿನ್ನೂ ಕೇಳಲಿಲ್ಲವಲ್ಲ? ಅವಳನ್ನು ಕೇಳಿದಿರಾ?"

ಅನುವಾದಿಸಿದೆ. ಅಂಗಳ ಮೌನವಾಯಿತು. ಆಗ ಮೂಲೆಯಲ್ಲಿ ಕೌದಿಯ ಮೇಲೆ ಕುಳಿತಿದ್ದ ಅಜ್ಜಿ, "ಖರೇ ಅದ ಫಾದರ್ ಹೇಳೂದು. ಪೋರಿನ್ನ ಹೊರಗ ಕರೀರಿ" ಎಂದಳು. ಹುಡುಗಿ ಬಾಗಿಲಲ್ಲಿ ನಿಂತು, ತಲೆ ಎತ್ತದೆ, ಸ್ಪಷ್ಟವಾಗಿ ಹೇಳಿದಳು: "ಒಪ್ಪಿಗಿ ಐತಿ ಅಜ್ಜಿ. ಆದ್ರ ಒಂದ್ ವರ್ಷ ತಡೀರಿ, ನರ್ಸಿಂಗ್ ಮುಗಿಸ್ತೇನಿ." ಅಲ್ಲಿಯವರೆಗೆ ಬಾಯಿ ಬಿಡದ ಹುಡುಗ, "ನಾ ತಡೀತೇನಿ" ಎಂದ. ಆಮೇಲೆ ಉಂಗುರಗಳನ್ನು ಆಶೀರ್ವದಿಸಿದೆವು, ದಮಾಮಿ ಬಾರಿಸಿದರು. ಬೈಕಿನ ಮಾತು ಮಾತ್ರ ಆ ದಿನ ಇತ್ಯರ್ಥವಾಗಲಿಲ್ಲ.

ಪ್ರಿಯರೇ, ಅದಕ್ಕೆ ಮುಂಚೆ ಎಷ್ಟೋ ನಿಶ್ಚಿತಾರ್ಥಗಳಲ್ಲಿ ನಾನು ಪ್ರಾರ್ಥನೆ ಹೇಳಿ ಊಟ ಮಾಡಿ ಬಂದಿದ್ದೆ. ಒಮ್ಮೆಯೂ ಹುಡುಗಿಯನ್ನು ಕೇಳಿರಲಿಲ್ಲ. ಮದುವೆಗೆ ಮೊದಲು ಗುರುಮನೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತೇವೆ, ನಿಜ. ಅಷ್ಟು ಹೊತ್ತಿಗೆ ಹಾಲ್ ಗೊತ್ತಾಗಿರುತ್ತದೆ, ಕಾರ್ಡು ಅಚ್ಚಾಗಿರುತ್ತದೆ, ಬಂಗಾರ ಕೊಂಡಾಗಿರುತ್ತದೆ. ಆಗ 'ಬೇಡ' ಎನ್ನುವ ಧೈರ್ಯ ಯಾವ ಮಗಳಿಗಿದೆ? ಧರ್ಮಸಭೆಯ ಕಾನೂನು ಸಂಹಿತೆ 1057ರಲ್ಲಿ ಹೇಳುವಂತೆ ವಿವಾಹವನ್ನು ಉಂಟುಮಾಡುವುದು ಇಬ್ಬರ ಸಮ್ಮತಿ. ಅದನ್ನು ಅವರ ಬದಲು ಕೊಡುವ ಅಧಿಕಾರ ಯಾರಿಗೂ ಇಲ್ಲ. 1062ರ ಪ್ರಕಾರ ನಿಶ್ಚಿತಾರ್ಥವಾಯಿತೆಂದು ಮದುವೆಗೆ ಬಲವಂತಮಾಡುವಂತಿಲ್ಲ. ತಂದೆತಾಯಂದಿರೇ, ದಿನ ಗೊತ್ತುಮಾಡುವ ಮುಂಚೆ ಮಗಳೊಡನೆ ಒಂದು ಸಂಜೆ ಕುಳಿತು ಮಾತಾಡಿ. ಬೇಕಾದರೆ ನನ್ನನ್ನೂ ಕರೆಯಿರಿ, ಊಟಕ್ಕಲ್ಲ.

ಗಬ್ರಿಯೇಲ ದೂತ ಬಂದದ್ದು ಸರ್ವಶಕ್ತನ ಕಡೆಯಿಂದ. ಅಪ್ಪಣೆ ಕೊಟ್ಟು ಹೊರಟುಹೋಗಬಹುದಿತ್ತು. ಆದರೆ ಅವನು ನಿಂತ. ನಜರೇತಿನ ಬಡ ಹುಡುಗಿ ಗಾಬರಿಗೊಂಡಳು, ಇದು ಹೇಗಾದೀತು ಎಂದು ಪ್ರಶ್ನೆ ಕೇಳಿದಳು. ಅವನು ಸಮಾಧಾನದಿಂದ ಉತ್ತರ ಕೊಟ್ಟ. ಆಕೆ ತನ್ನ ಬಾಯಿಂದಲೇ ಆಗಲಿ ಎಂದ ಮೇಲೆಯೇ ಹೊರಟ.

ಈಗ ವಿಶ್ವಾಸ ಸಂಗ್ರಹವನ್ನು ಹೇಳಲಿದ್ದೇವೆ. ಭಾನುವಾರಗಳಲ್ಲಿ, ದೇವಪುತ್ರರು ಕನ್ಯಾಮರಿಯಮ್ಮನವರಲ್ಲಿ ಮನುಷ್ಯರಾದರೆಂಬ ಮಾತು ಬಂದಾಗ ತಲೆ ಬಾಗಿಸುತ್ತೇವೆ. ಇಂದು, ಕ್ರಿಸ್ಮಸ್ ಹಬ್ಬದಂತೆಯೇ, ಎಲ್ಲರೂ ಮೊಣಕಾಲೂರಬೇಕು. ಎದ್ದು ನಿಲ್ಲಿರಿ.